ಅವ್ವ ಕೆಡಿಸಿದ ಡ್ರೈವು

ಡಿಸ್ಕ್ ಡ್ರೈವಿಗೆ ಕುಂಕುಮ ಇಟ್ಟವಳು ಪ್ರಪಂಚದಲ್ಲಿ ನಮ್ಮವ್ವ ಒಬ್ಬಳೇ ಇರಲಾರಳು. ಆಯುಧಪೂಜೆಯ ದಿನ ಆನ್ ಮಾಡಿಟ್ಟಿದ್ದ ಕಂಪ್ಯೂಟರನ್ನು ಒರೆಸುವಾಗ ಅವಳ ಬೆರಳು ಗುಂಡಿಗೆ ತಗುಲಿ ಡಿಸ್ಕ್ ಇಡುವ ತಟ್ಟೆ ಹೊರಗೆ ಬಂತು. ತಾನಾಗಿ ತಟ್ಟೆ ಚಾಚಿದ್ದನ್ನು ಬರಿದಾಗಿ ಹೇಗೆ ಕಳಿಸುವುದೆಂದು ಅರಿಶಿನ, ಕುಂಕುಮ, ಚೂರು ಅಕ್ಷತೆ ಇಟ್ಟು ಒಳಗೆ ತಳ್ಳಿದಳು. ನಾನು ನಕ್ಕು, ತೆಗೆದು ಒರೆಸಿದೆ.

ದೇವನಹಳ್ಳಿ ಕಡೆ ಏರ್‌ಪೋರ್ಟ್ ಏಳುತ್ತಿದ್ದ ವರ್ಷಗಳವು. ಜಮೀನು ನೋಡಲು ಬರುವ ಕಾರುಗಳೇ ಕಾರುಗಳು. ಕ್ರಯಪತ್ರ, ಕರಾರುಪತ್ರ ಟೈಪ್ ಮಾಡಿಕೊಡಲು ಮನೆಯ ಮುಂದಿನ ಕೋಣೆಯಲ್ಲಿ ನಾನು ಅಂಗಡಿ ಇಟ್ಟಿದ್ದೆ. ಕಂಪ್ಯೂಟರ್ ಜೋಡಿಸಿಕೊಟ್ಟವನು ಅವ್ವನ ತವರೂರು ಸಾಸಲಿನ ನನ್ನ ಸೋದರಮಾವನ ಮಗ. ಬೆಂಗಳೂರಿನಲ್ಲಿ ಅವನದು ಅದೇ ಕಸುಬು. "ಡಿವಿಡಿ ಓದೋದೇ ಹಾಕು ಭಾವ" ಎಂದು ಬಾಯಿಬಿಟ್ಟು ಕೇಳಿದ್ದೆ. ಡ್ರೈವಿನ ಮುಖದ ಮೇಲೆ ಹಾಗೇ ಬರೆದಿತ್ತು.

ಹಬ್ಬ ಕಳೆದ ಮೇಲೆ ವೈರಸ್ ಹತ್ತಿ, ಎಲ್ಲವನ್ನೂ ಹೊಸದಾಗಿ ಹಾಕಬೇಕಾಯಿತು. ಅಲ್ಲಿಯವರೆಗೆ ಬರೀ ಸಿಡಿ ಹಾಕಿದ್ದ ಡ್ರೈವಿಗೆ ಇನ್‌ಸ್ಟಾಲ್ ಮಾಡುವ ಡಿವಿಡಿ ಇಟ್ಟರೆ ಅದು ಗುರ್ರೆಂದು ತಿರುಗಿ, ಸುಮ್ಮನಾಗಿ, ಒಳಗೆ ಡಿಸ್ಕೇ ಇಲ್ಲ ಎನ್ನುತ್ತಿತ್ತು. ಹಾಡಿನ ಸಿಡಿ ಇಟ್ಟರೆ ಚೆನ್ನಾಗಿಯೇ ಹಾಡುತ್ತಿತ್ತು. ಭಾವನಿಗೆ ಹೇಳಿಕಳಿಸಿದೆ. ಬಂದವನು ತಟ್ಟೆಯ ಮೂಲೆಯಲ್ಲಿ ಉಳಿದಿದ್ದ ಕೆಂಪು ಕಂಡ.

"ಅತ್ತೆ, ನೀವೇ ಕಣತ್ತೆ ಕೆಡ್ಸಿರೋದು. ಕುಂಕುಮ ಲೆನ್ಸ್‌ಗೆ ಹೋಗ್ಬಿಟ್ಟೈತೆ."

"ಮತ್ತೆ ಹಾಡು ಓದ್ತದಲ್ಲ ಭಾವ?" ಎಂದೆ.

"ಹಾಡು ಹಗುರ ಕಣೇ. ಈ ಡಿಸ್ಕು ಭಾರ. ಕಣ್ಣು ಚುರುಕಾಗಿರ್ಬೇಕು."

ನಂಬಿದೆ. ಕಸುಬು ಬಲ್ಲವನು, ಮೇಲಾಗಿ ನಮ್ಮವನು. ಅವ್ವ ಅವತ್ತಿನಿಂದ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಕಾಫಿಯನ್ನೂ ಬಾಗಿಲಲ್ಲೇ ನಿಂತು ಚಾಚುತ್ತಿದ್ದಳು. "ನನ್ ಕೈ ಸರಿಯಿಲ್ಲ, ನೀನೇ ಬಂದು ತಕೋ" ಎನ್ನುತ್ತಿದ್ದಳು. ಅವಳ ಕೈಯಿಂದ ಬಿದ್ದ ಬೀಜ ಮೊಳೆಯದೇ ಇದ್ದದ್ದನ್ನು ನಾನು ಕಂಡಿರಲಿಲ್ಲ. ಅಂಥವಳ ಬಾಯಲ್ಲಿ ಈ ಮಾತು!

ಲೆನ್ಸ್ ಒರೆಸಿದರೆ ಸರಿಹೋದೀತು, ಅವ್ವನ ಮನಸ್ಸೂ ಹಗುರಾದೀತು ಎಂದು ಒಂದು ಮಧ್ಯಾಹ್ನ ಸ್ಕ್ರೂ ಬಿಚ್ಚಿ ಡ್ರೈವನ್ನು ಹೊರಗೆಳೆದೆ. ಮುಖದ ಪಟ್ಟಿ ಕೈಗೇ ಬಂತು. ಹಿಂದೆ ಒಣಗಿದ ಗೋಂದು. ಡ್ರೈವಿನ ನೆತ್ತಿಯ ಮೇಲಿನ ಚೀಟಿಯಲ್ಲಿ ಸಿಡಿ ಎಂದಷ್ಟೇ ಇತ್ತು. ಡಿವಿಡಿ ಎಂಬ ಅಕ್ಷರ ಇದ್ದದ್ದು ಅಂಟಿಸಿದ ಪಟ್ಟಿಯ ಮೇಲೆ ಮಾತ್ರ. ಹಳೇ ಸಿಡಿ ಡ್ರೈವು ಅದು, ಹುಟ್ಟಿದಾಗಿನಿಂದ ಡಿವಿಡಿ ಓದಿದ್ದೇ ಇಲ್ಲ. ಒಳಗೆ ಬಿಚ್ಚಿ ನೋಡಿದರೆ ಲೆನ್ಸ್ ಮೇಲೆ ಕುಂಕುಮದ ಹುಡಿಯೂ ಇರಲಿಲ್ಲ.

ಹಳೇ ಡ್ರೈವು ತಗುಲಿಸಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಎದುರಿಗೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಅತ್ತೆಯ ತಲೆಗೇ ಅದನ್ನು ಕಟ್ಟಿ, ಅವಳೇ ತಿರುವಿದ ಮುದ್ದೆ ಉಂಡು ಹೋದನಲ್ಲ! ಉಂಡ ಮನೆಯ ಜಂತೆ ಎಣಿಸುವವರ ಮಾತು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಪಟ್ಟಿಯನ್ನೂ ಡ್ರೈವನ್ನೂ ಅವ್ವನ ಮುಂದಿಟ್ಟು ಬಿಡಿಸಿ ಹೇಳಿದೆ. "ನಿಂದೇನೂ ತಪ್ಪಿಲ್ಲ ಕಣವ್ವ. ಅವ್ನು ಮೋಸ ಮಾಡವ್ನೆ." ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಿಮ್ಮಪ್ಪನ ಕಿವಿಗೆ ಹಾಕ್ಬೇಡ ಕಣೇ. ನನ್ ತವರಿನ ದಾರಿ ಮುಚ್ಚೋಯ್ತದೆ. ನಾನೇ ಕೆಡಿಸ್ದೆ ಅಂತ್ಲೇ ಇರ್ಲಿ."

ಹಾಗೇ ಇದೆ. ಅಪ್ಪ ಈಗಲೂ ನೆಂಟರ ಮುಂದೆ ಅವ್ವನ ಪೂಜೆಯ ಕಥೆ ಹೇಳಿ ನಗುತ್ತಾನೆ. ಭಾವ ಅಲ್ಲಿದ್ದರೆ ಅವನೂ ನಗುತ್ತಾನೆ.