ಎಡೆಗೆ ಬಾರದ ಕಾಗೆ

ಶಿವರಾತ್ರಿ ಕಳೆಯಿತೆಂದರೆ ನಮ್ಮ ಅಂಗಳದ ಬೇವು ಎಲೆ ಉದುರಿಸಲು ಶುರುಮಾಡುತ್ತಿತ್ತು. ನಮ್ಮ ಅಂಗಳ ಅಂದರೆ ನನ್ನೊಬ್ಬಳದಲ್ಲ. ಮರದ ಈಚೆಗೆ ನನ್ನ ಮನೆ, ಆಚೆಗೆ ಮೈದುನನ ಮನೆ. ಗಂಡಸರಿಬ್ಬರೂ ಹೋಗಿ ಬಹಳ ವರ್ಷವಾಯಿತು. ಉಳಿದವರು ವಾರಗಿತ್ತಿಯರು ನಾವಿಬ್ಬರು, ನಡುವೆ ಆ ಮರ. ಬೆಳಿಗ್ಗೆ ಪೊರಕೆ ಹಿಡಿದರೆ ಅಲ್ಲಿಂದಲೇ ಜಗಳ.

“ನಿನ್ ಕಡೆ ಎಲೆನೆಲ್ಲ ನನ್ ಕಡೀಕೆ ತಳ್ತಿದ್ದೀಯಲ್ಲಕ್ಕ, ಕಣ್ ಕಾಣಾಕಿಲ್ವಾ?” ಎನ್ನುತ್ತಿದ್ದಳು.

“ನಾನಲ್ಲ ಕಣಮ್ಮಿ, ಗಾಳಿ ತಳ್ತದೆ. ಓಗಿ ಗಾಳಿನ ಕೇಳು,” ಎನ್ನುತ್ತಿದ್ದೆ.

ಗುಡಿಸುತ್ತಲೇ ಕಾಲ ನೋಡುತ್ತಿದ್ದೆವು. ಕ್ಯಾಲೆಂಡರು ಎರಡು ಮನೆಯ ಗೋಡೆಯಲ್ಲೂ ಇತ್ತು, ಅದು ಮಕ್ಕಳಿಗೆ. ನಮಗೆ ಮರ ಸಾಕಿತ್ತು. ಮೊದಲು ಬೋಳಾಗುವುದು. ಆಮೇಲೆ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಅಷ್ಟು ಹೊತ್ತಿಗೆ ನಾಲೆ ಏರಿಯ ಹೊಂಗೆಯೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಮಾವಿನ ಮರದಲ್ಲಿ ಕೆಂಜಿಗ ಎಲೆ ಹೊಲಿದು ಗೂಡು ಕಟ್ಟುತ್ತದೆ. ಆಮೇಲೆ ಕೋಗಿಲೆ. ಮೊದಲ ದಿನ ಅದಕ್ಕೆ ಗಂಟಲೇ ಇರುವುದಿಲ್ಲ. ಕಫ ಕಟ್ಟಿದ ಮುದುಕನ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಅದನ್ನು ಯಾರು ಮೊದಲು ಕೇಳಿದರು ಎಂದು ನಮ್ಮಿಬ್ಬರಿಗೂ ಪೈಪೋಟಿ. ನಾನು ಹೋಗಿ ಹೇಳಿದರೆ ಪ್ರತಿ ವರ್ಷವೂ ಒಂದೇ ಉತ್ತರ: “ನಾನ್ ನೆನ್ನೇನೇ ಕೇಳ್ದೆ, ಬುಡಕ್ಕ.” ಸುಳ್ಳಿ.

ಮರದ ಕವೆಯಲ್ಲಿ ಒಂದು ಜೋಡಿ ಕಾಗೆ ಗೂಡು ಕಟ್ಟುತ್ತಿತ್ತು. ಒಂದು ಸಲ ನನ್ನ ಪೊರಕೆ ಕಡ್ಡಿಯನ್ನೇ ಎಳೆದುಕೊಂಡು ಹೋಯಿತು. ಗೂಡಾಯಿತು ಎನ್ನುವಾಗ ಕೋಗಿಲೆ ಬಂದು ಕೂರುವುದು, ಅದರ ಮೊಟ್ಟೆ ಇಡುವುದಕ್ಕೆ. ಕಾಗೆಗಳು ಊಟ ಬಿಟ್ಟು ಅದನ್ನು ಅಟ್ಟುವುದೇ ಅಟ್ಟುವುದು. ನಾವು ಎಲೆಅಡಿಕೆ ಹಾಕಿಕೊಂಡು ನೋಡುತ್ತಿದ್ದೆವು. ಇಷ್ಟು ಹೊಡೆದಾಡಿಯೂ ಕೊನೆಗೆ ಗೂಡಿನಿಂದ ಏಳುತ್ತಿದ್ದುದು ಕೋಗಿಲೆ ಮರಿಯೇ.

ವಾರಗಿತ್ತಿಯ ಮಗ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಭಾರತೀನಗರದ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಾನೆ. ಮರ ತೆಗೆದು ಅಲ್ಲಿ ಶೆಡ್ ಹಾಕಬೇಕೆಂದು ಅವನಿಗೆ ಆಸೆ. ಅವನು ಆ ಮಾತೆತ್ತಿದರೆ ಸಾಕು, ಇವಳು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

“ಆ ಕೊಂಬೇಲಿ ನಿನ್ ತೊಟ್ಲು ಕಟ್ಟಿದ್ದೆ ಕಣ್ಲಾ. ನಾನ್ ಸತ್ ಮ್ಯಾಲೂ ಅದ್ನ ಮುಟ್ಬ್ಯಾಡ.”

ಅವಳಿಗೆ ಶುಗರ್ ಕಾಲಿಗೆ ಇಳಿಯಿತು. ಮಂಡ್ಯಕ್ಕೆ ಕರೆದುಕೊಂಡು ಹೋಗಿ ಬೆರಳು ತೆಗೆಸಿದರು. ಆಮೇಲೆ ಮಂಚ ಬಿಟ್ಟು ಏಳಲಿಲ್ಲ. “ಅಕ್ಕ, ನಾನ್ ಓದ್ ಮ್ಯಾಲೆ ಮರ ಉಳ್ಸೋಳು ನೀನೇ,” ಎಂದಳು ಒಂದು ದಿನ.

“ನಾನೇನ್ ನಿನ್ಗಿಂತ ಚಿಕ್ಕೋಳಾ? ನಾನೇ ಮೊದ್ಲು ಓಯ್ತೀನಿ, ಸುಮ್ಕೆ ಮನಿಕ್ಕೊ,” ಎಂದೆ.

ಆ ವರ್ಷ ಕೋಗಿಲೆ ಕೆಮ್ಮಿದ್ದನ್ನು ನಾನು ಕೇಳಿ, ಹೇಳಲು ಹೋದೆ. ನೆನ್ನೇನೇ ಕೇಳ್ದೆ ಎನ್ನಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಆಗಲೇ ನನಗೆ ಗೊತ್ತಾಯಿತು. ಬೇವು ಹೂ ಬಿಡುವುದಕ್ಕೆ ಮೊದಲೇ ಹೋದಳು.

ಹನ್ನೊಂದನೇ ದಿನ ತಿಥಿ. ತಾರಸಿಯ ಮೇಲೆ ಎಡೆ ಇಟ್ಟರು. ಮುದ್ದೆ, ಬಾಡಿನ ಸಾರು, ಅವಳು ತಿನ್ನುತ್ತಿದ್ದ ಕಡ್ಲೆಪುರಿ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ ಎಂದು ಲೆಕ್ಕ. ಅದು ಮುಟ್ಟುವ ತನಕ ಯಾರೂ ಉಣ್ಣುವ ಹಾಗಿಲ್ಲ. ಕಾಗೆ ಬರಲಿಲ್ಲ. ನೆಂಟರೆಲ್ಲ ತಲೆ ಎತ್ತಿಕೊಂಡು ನಿಂತರು. ಬಿಸಿಲು ನೆತ್ತಿಗೆ ಬಂತು.

“ಸಾರ್ಗೆ ಉಪ್ ಸಾಲ್ದೇನೋ,” ಎಂದ ಒಬ್ಬ ಮುದುಕ.

“ಒಗೆಸೊಪ್ಪು ಮಡ್ಗಿದ್ದೀರಾ? ಅದಿಲ್ದೆ ಅವ್ಳು ಬಂದಾಳಾ?” ಎಂದಳು ಇನ್ನೊಬ್ಬಳು. ಅಂಗಡಿಗೆ ಓಡಿ ಹೊಗೆಸೊಪ್ಪು ತಂದಿಟ್ಟರು. ಅದಕ್ಕೂ ಬರಲಿಲ್ಲ.

ಮಗ ಕೈ ಮುಗಿದು, “ತಂಗೀನ ಕೈ ಬುಡಾಕಿಲ್ಲ ಕಣವ್ವ, ಬಾರವ್ವ,” ಎಂದ. ತಂಗಿ ಅಳಲು ಶುರುಮಾಡಿದಳು, ಅವ್ವ ಕೋಪ ಮಾಡಿಕೊಂಡಿದ್ದಾಳೆ ಎಂದು.

ನನಗೆ ಕಾಗೆಗಳು ಕಾಣುತ್ತಿದ್ದವು. ಎರಡೂ ಸೇರಿ ಕೋಗಿಲೆಯನ್ನು ನಾಲೆಯ ಕಡೆಗೆ ಅಟ್ಟಿಕೊಂಡು ಹೋಗಿದ್ದವು. ಸ್ವಲ್ಪ ಕಾದರೆ ಬರುತ್ತಿದ್ದವು. ಆದರೆ ಮಗನ ಬಾಯಲ್ಲಿ ಬರಬೇಕಾದ ಮಾತು ಇನ್ನೂ ಬಂದಿರಲಿಲ್ಲ. ನಾನು ಮುಂದೆ ಹೋದೆ.

“ನಿಮ್ಮವ್ವ ಏನ್ ಕೇಳಿದ್ಲು ಅಂತ ನಿಂಗ್ ಗೊತ್ತಿಲ್ವೇನ್ಲಾ? ಊರ್ಗೆಲ್ಲ ಗೊತ್ತು.”

ಅವನು ತಲೆ ತಗ್ಗಿಸಿದ. ನೆಂಟರೆಲ್ಲ ಅವನನ್ನೇ ನೋಡಿದರು. “ಮರ ಕಡ್ಯಾಕಿಲ್ಲ ಕಣವ್ವ,” ಎಂದ. “ಬಂದು ಉಣ್ಣು.”

ಬಂತು ಕಾಗೆ. ಒಂದು ತುಂಡು ಬಾಡು ಕಚ್ಚಿಕೊಂಡು ಮರಕ್ಕೆ ಹಾರಿತು. ಹೆಂಗಸರು ಅಯ್ಯೋ ಅವ್ವ ಎಂದು ಅತ್ತರು. ಗಂಡಸರು ಊಟಕ್ಕೆ ಎಲೆ ಹಾಕಿ ಎಂದರು.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ಅವಳ ಮಗಳು ಬಂದು ಕೂತಳು. “ಅವ್ವ ಕೇಳುಸ್ಕಂಡ್ಳು, ಅಲ್ವಾ ದೊಡ್ಡವ್ವ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಅದು ಬರುವುದಿಲ್ಲ.

“ನಿಮ್ಮವ್ವ ಕೇಳುಸ್ಕಂಡ್ಳೋ ಇಲ್ವೋ ನಾ ಕಾಣೆ. ಕಾಗೆ ಕೋಗಿಲೆ ಅಟ್ಟಕ್ಕೆ ಓಗಿತ್ತು. ಅಟ್ಟಿ ಬಂತು, ಅಸ್ದಿತ್ತು, ತಿಂತು,” ಎಂದೆ.

ಅವಳಣ್ಣ ಹಿಂದೆ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ.

ಆ ಸಲ ಎರಡು ಮನೆಯಲ್ಲೂ ಯುಗಾದಿ ಇಲ್ಲ. ಬೇವು ಮಾತ್ರ ಯಾವ ವರ್ಷವೂ ಇಲ್ಲದ ಹಾಗೆ ಹೂ ಬಿಟ್ಟಿತು. ಕೀಳುವವರಿಲ್ಲದೆ ಎಲ್ಲ ಉದುರಿ ಅಂಗಳ ಬೆಳ್ಳಗಾಯಿತು. ಎರಡು ಕಡೆಯನ್ನೂ ನಾನೇ ಗುಡಿಸಿದೆ. ಆ ಕಡೆ ಗುಡಿಸಿದರೂ ಬೈಯುವವರಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಮೆಷಿನ್ ಗರಗಸದವರನ್ನು ಕರೆದುಕೊಂಡು ಬಂದ.

“ಕಾಗೆ ಮುಂದೆ ಮಾತ್ ಕೊಟ್ಟಿದ್ಯಲ್ಲಾ ಲೇ,” ಎಂದೆ.

“ನೀನೇ ಅಂದ್ಯಲ್ಲ ದೊಡ್ಡವ್ವ, ಅದು ಕೋಗಿಲೆ ಅಟ್ಟಕ್ಕೆ ಓಗಿತ್ತು ಅಂತ. ಅವ್ವನೇ ಬಂದಿದ್ಳು ಅಂದಿದ್ರೆ ನಾನ್ ಮುಟ್ತಿರ್ಲಿಲ್ಲ.”

ಅವನು ಕೆಟ್ಟವನಲ್ಲ. ನನಗೆ ಜ್ವರ ಬಂದರೆ ಮದ್ದೂರಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವನು ಅವನೇ. ವ್ಯಂಗ್ಯಕ್ಕೂ ಹೇಳಲಿಲ್ಲ, ನಂಬಿಯೇ ಹೇಳಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗರಗಸದ ಸದ್ದು ಬಾಗಿಲಿಗೆ ನಿಲ್ಲುವುದಿಲ್ಲ.

ಈಗ ಅಲ್ಲಿ ತಗಡಿನ ಶೆಡ್ ಇದೆ. ಮರ ಇದ್ದ ಕಡೆಯಿಂದ ಬಿಸಿಲು ನೇರ ನನ್ನ ಅಡುಗೆಮನೆಗೆ ಬೀಳುತ್ತದೆ. ಈ ಸಲ ಶಿವರಾತ್ರಿ ಕಳೆದ ಮೇಲೂ ಅಂಗಳದಲ್ಲಿ ಗುಡಿಸುವುದಕ್ಕೆ ಏನೂ ಇಲ್ಲ. ಕಾಗೆ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಬಂತು. ಶೆಡ್ಡಿನ ಮೇಲೆ ಎರಡು ಸುತ್ತು ಹಾರಿತು. ತಗಡಿನ ಮೇಲೆ ಕೂತು, ಕಾದ ತಗಡಿಗೆ ಕಾಲು ಎತ್ತಿ ಎತ್ತಿ ಇಟ್ಟು, ಕಡ್ಡಿ ಅಲ್ಲೇ ಬಿಟ್ಟು ಹೋಯಿತು. ಕೋಗಿಲೆ ಎಲ್ಲೋ ದೂರದಲ್ಲಿ ಕೆಮ್ಮಿತು. ಯಾವ ಮರದಲ್ಲಿ ಎಂದು ಗೊತ್ತಾಗಲಿಲ್ಲ.

ಮೊನ್ನೆ ವರ್ಷದ ತಿಥಿ. ಅದೇ ತಾರಸಿಯ ಮೇಲೆ ಎಡೆ ಇಟ್ಟರು. ಇಟ್ಟವರು ಕೆಳಗೆ ಇಳಿಯುವುದಕ್ಕೆ ಮೊದಲೇ ಕಾಗೆ ಬಂತು. ಒಂದಲ್ಲ, ಎರಡೂ ಬಂದವು. ನಿಧಾನಕ್ಕೆ ಕೂತು ಎಲೆ ಬರಿದಾಗುವ ತನಕ ತಿಂದವು.

ಮಗನ ಮುಖ ಅರಳಿತು. “ನೋಡ್ದಾ ದೊಡ್ಡವ್ವ? ಅವ್ವಂಗೆ ನನ್ ಮ್ಯಾಲೆ ಕ್ವಾಪ ಇಲ್ಲ.”

ಅವಕ್ಕೆ ಕಾಯುವುದಕ್ಕೆ ಈಗ ಗೂಡಿಲ್ಲ, ಅದಕ್ಕೇ ಬಿಡುವಾಗಿ ಬಂದಿವೆ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನ ತಂಗಿಯೂ ನನ್ನನ್ನೇ ನೋಡುತ್ತಿದ್ದಳು.

“ಎಲೆ ಆಕ್ರಿ, ಒತ್ತಾಯ್ತು,” ಎಂದೆ.