ಪರದೆ ಹಸಿರಾದರೆ ಕೆಂಪಕ್ಕನಿಗೆ ದಿಗಿಲು

ಬೆಳಗ್ಗೆ ಆರು ಗಂಟೆ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತವರನ್ನು ಸಹೋದ್ಯೋಗಿಗಳು ಕೆಂಪಕ್ಕ ಎನ್ನುತ್ತಾರೆ. ಇವರು ತಂತ್ರಾಂಶಕ್ಕೆ ಪರೀಕ್ಷೆ ಬರೆದರೆ ತಪ್ಪು ಸಿಕ್ಕಿ ಪರದೆ ಕೆಂಪಾಗಿ ಎಲ್ಲರ ಕೆಲಸ ನಿಲ್ಲುತ್ತದೆ ಎಂಬ ಸಿಟ್ಟಿಗೆ ಇಟ್ಟ ಅಡ್ಡಹೆಸರು. ಇವತ್ತು ಪರದೆ ಪೂರ್ತಿ ಹಸಿರು, ಒಂದೂ ತಪ್ಪು ಸಿಕ್ಕಿಲ್ಲ; ಅದಕ್ಕೇ ಇವರಿಗೆ ತಳಮಳ. ಒಂಬತ್ತಕ್ಕೆ ಈ ತಂತ್ರಾಂಶ ಆಸ್ಪತ್ರೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಔಷಧಿ ಹರಿಸುವ ಪಂಪುಗಳಿಗೆ ಹೋಗಬೇಕು. ಇವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

ಜಾವಾ ಎಂಬ ಕಂಪ್ಯೂಟರ್ ಭಾಷೆಯ ಕೋಡಿಗೆ ತಪ್ಪು ಹಿಡಿಯುವ ಪರೀಕ್ಷೆ ಬರೆಯುವುದು ಇವರ ಹದಿನಾಲ್ಕು ವರ್ಷದ ಕಸುಬು. ದಿನಕ್ಕೆ ಸಾವಿರದ ಎಂಟುನೂರು ಪರೀಕ್ಷೆಗಳು ಓಡುತ್ತವೆ. ಕೋಡು ತನ್ನೊಳಗೇ ಹೊಸ ವಸ್ತು ಕಟ್ಟಿಕೊಳ್ಳುವ ಕಡೆ ಇವರು ಪರೀಕ್ಷೆಯ ಮಟ್ಟಿಗೆ ಅಸಲಿಯಂತೆ ನಟಿಸುವ ಡಮ್ಮಿ ಕೂರಿಸುತ್ತಾರೆ. "ಒಂದ್ಸಲ ಡಮ್ಮಿ ಇಡೋದು ಮರ್ತಿದ್ದೆ. ಪರೀಕ್ಷೆಯ ಎಚ್ಚರಿಕೆ ನಿಜವಾದ ವಾರ್ಡಿಗೇ ಹೋಯ್ತು. ಪಾಪ, ನರ್ಸ್‌ಗಳು ಎದ್ದುಬಿದ್ದು ಓಡಿದ್ರಂತೆ."

ಇವತ್ತು ಪರೀಕ್ಷಿಸಿದ್ದು ಒಂದು ಜೆನೆರಿಕ್ ಕ್ಲಾಸ್ ಎಂದರು, ನನಗೆ ತಲೆಬುಡ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು: "ಏನು ಬೇಕಾದ್ರೂ ತುಂಬೋ ಡಬ್ಬಿ ಅನ್ಕೊಳ್ಳಿ. ಒಂದ್ರಲ್ಲಿ ಸಂದೇಶ, ಇನ್ನೊಂದ್ರಲ್ಲಿ ಔಷಧಿ ಅಳತೆ. ಬರೆಯೋವಾಗ ಚೀಟಿ ಅಂಟಿಸ್ತೀವಿ, ಓಡೋವಾಗ ಆ ಚೀಟಿ ಇರಲ್ಲ. ಸಂದೇಶದ ಡಬ್ಬಿಗೆ ಮಾತ್ರ ಡಮ್ಮಿ ಇಡು ಅಂದ್ರೆ ಪರೀಕ್ಷೆ ಓಡಿಸೋ ಸಾಧನ ಕೇಳಲ್ಲ, ಎಲ್ಲಾ ಡಬ್ಬಿಗೂ ಇಟ್ಬಿಡತ್ತೆ."

ಅಷ್ಟರಲ್ಲಿ ಕೆಂಪಕ್ಕನಿಗೆ ತಂಗಿಯ ಫೋನು. ಆಕೆ ನರ್ಸ್, ಇದೇ ಪಂಪುಗಳ ನಡುವೆ ಪಾಳಿ ಮುಗಿಸಿ ಹೊರಟಿದ್ದಾಳೆ. "ಹನ್ನೆರಡು ಹಾಸಿಗೆ, ನಾನೊಬ್ಬಳೇ ಅಕ್ಕಾ. ಪಂಪು ಕೂಗ್ಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ನಂಬೋದು, ಇನ್ನೇನ್ಮಾಡ್ಲಿ?"

ಫೋನಿಟ್ಟ ಕೆಂಪಕ್ಕ ತಮ್ಮ ಪರೀಕ್ಷೆಯನ್ನೇ ಮತ್ತೆ ತೆರೆದು ನೋಡುತ್ತಾರೆ: ಅಳತೆಯ ಡಬ್ಬಿಗೂ ಡಮ್ಮಿಯೇ ಕೂತಿದೆ. ಹೇಳಿಕೊಡದಿದ್ದರೆ ಡಮ್ಮಿ ಎಲ್ಲ ಲೆಕ್ಕಕ್ಕೂ ಸೊನ್ನೆ ಎನ್ನುತ್ತದೆ. ಔಷಧಿ ಎಷ್ಟು ಸಲ ಅಳತೆ ಮೀರಿತು? ಸೊನ್ನೆ. ಪರದೆ ಹಸಿರು. ಅಸಲಿ ಅಳತೆಯ ಡಬ್ಬಿಯನ್ನು ಯಾರೂ ಪರೀಕ್ಷಿಸಿಯೇ ಇಲ್ಲ.

ಡಬ್ಬಿ ಕಟ್ಟುವಾಗ ಅದಕ್ಕೆ ಏನು ಕೊಟ್ಟರು ಎಂದು ನೋಡಿದರೆ ಯಾವುದು ಯಾವುದೆಂದು ಗುರುತು ಸಿಗುತ್ತದೆ. ಅಳತೆಯ ಡಬ್ಬಿಯನ್ನು ಕೇಳಿದ್ದಕ್ಕೆಲ್ಲ ಡಮ್ಮಿಯ ಬದಲು ಅಸಲಿ ಕೋಡೇ ಉತ್ತರಿಸುವಂತೆ ಕೆಂಪಕ್ಕ ಪರೀಕ್ಷೆಯನ್ನು ತಿದ್ದಿ ಓಡಿಸುತ್ತಾರೆ. ನಾಲ್ಕು ನಿಮಿಷ. ಪರದೆ ಕೆಂಪಾಗುತ್ತದೆ: ಔಷಧಿ ಮೂರು ಸಲ ಅಳತೆ ಮೀರಿದೆ, ಎಚ್ಚರಿಕೆ ಒಮ್ಮೆಯೂ ಹೊರಟಿಲ್ಲ.

"ಒಂಬತ್ತಕ್ಕೆ ಕಳಿಸ್ಬೇಕಲ್ಲಮ್ಮಾ" ಎಂದು ಫೋನಿನಲ್ಲಿ ಮ್ಯಾನೇಜರ್ ಗೋಗರೆಯುತ್ತಾರೆ.

"ಕಳಿಸೋ ಹಾಗಿಲ್ಲ ಸಾರ್. ತಪ್ಪು ಪರೀಕ್ಷೆ ಬರೆದೋಳು ನಾನೇ. ಹೀಗೇ ಬರೆದದ್ದು ಇನ್ನೂ ನಲವತ್ತಿದೆ, ಎಲ್ಲಾ ನೋಡ್ಬೇಕು."

ಬೈಗುಳ ಕೇಳಿಸಿಕೊಂಡು ಫೋನಿಟ್ಟರು. ನಲವತ್ತರಲ್ಲಿ ಮೊದಲನೆಯದನ್ನು ತೆರೆದರು. ಬರಹದಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ, ಬೇಡವೆಂದರು.

"ಪಂಪು ಸುಮ್ನಿದ್ದಾಗ ನನ್ ತಂಗಿ ಐದು ನಿಮಿಷ ಕೂತ್ಕೊಳ್ಳೋ ಹಾಗಿರ್ಬೇಕು. ಅಷ್ಟಾದ್ರೆ ಸಾಕು."