ಅಪ್ಪನನ್ನು ಕೂರಿಸಿದ ಕುರ್ಚಿ

ಮೂವತ್ತೇಳು ತುಂಬಿದ ಹೆಣ್ಣು ಸಂಜೆ ಆಫೀಸಿನಿಂದ ಬಂದು ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ಆಡುತ್ತಾಳೆಂದರೆ ದೊಡ್ಡೇರಿ ಕಡೆಯ ನಮ್ಮೂರಲ್ಲಿ ನಗದವರಿಲ್ಲ. ನಗಲಿ. ಮಧುಗಿರಿಯ ಕಚೇರಿಯಲ್ಲಿ ಇಡೀ ದಿನ ಪಹಣಿ ಅರ್ಜಿಗಳ ಜೊತೆ ಗುದ್ದಾಡಿ ಬಂದವಳಿಗೆ, ಒಂದು ಗಂಟೆ ಯಾರ ಮಾತಿಗೂ ಕಿವಿಗೊಡದೆ ರಸ್ತೆ ನೋಡುತ್ತಾ ಕೂರುವುದು ಬೇಕಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತು. ಒಳ್ಳೆಯ ಕುರ್ಚಿ ತರೋಣ ನಡಿ ಎಂದವರು ಅಪ್ಪ.

ಅಪ್ಪ ಮೂವತ್ತು ವರ್ಷ ಪಾವಗಡ, ಮಧುಗಿರಿ, ಕೊರಟಗೆರೆ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಸೀಟಿನ ವಿಷಯದಲ್ಲಿ ಅವರ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಮಧುಗಿರಿಯ ಅಂಗಡಿಯಲ್ಲಿ ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದು ಕುರ್ಚಿಯನ್ನೂ ಹಿಂದೆ ಮುಂದೆ ನೋಡಿದರು. ನನ್ನನ್ನು ಕೂರಿಸಿ, ಪಾದ ಪೂರ್ತಿ ನೆಲಕ್ಕೆ ಊರಿದೆಯೇ ಎಂದು ಬಗ್ಗಿ ನೋಡಿದರು. ಮಂಡಿಯ ಹಿಂದೆ ನಾಲ್ಕು ಬೆರಳು ಜಾಗ ಬಿಡಿಸಿದರು. ನಾನು ಮೆತ್ತನೆಯದೊಂದಕ್ಕೆ ಆಸೆಪಟ್ಟರೆ, "ಮೆತ್ಗಿರೋದು ಒಂದ್ಗಂಟೆ ಮುದ್ದು ಮಾಡಿ ಆಮ್ಯಾಕೆ ಸೊಂಟ ಮುರೀತದೆ ಕಣಮ್ಮ" ಎಂದು ತಳ್ಳಿಹಾಕಿದರು. ಕೊನೆಗೆ ಆರಿಸಿದ್ದು ತಲೆಗೂ ಒರಗು ಇದ್ದ, ಬೆನ್ನು ಎತ್ತರದ, ಗಾಲಿಗಳ ಮೇಲೆ ಗಿರ್ರನೆ ತಿರುಗುವ ಒಂದು ಕಪ್ಪು ಕುರ್ಚಿ. ಅದರಷ್ಟು ಹದವಾಗಿ ನನ್ನ ಬೆನ್ನಿಗೆ ಮತ್ತೇನೂ ಒಗ್ಗಿದ್ದಿಲ್ಲ.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಪ್ಪ ಬಚ್ಚಲ ಒಲೆಗೆ ಸೌದೆ ಇಡುತ್ತಾ ಹಾಗೆಯೇ ವಾಲಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿದೆ ಎಂದರು ಡಾಕ್ಟರು.

ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು ಜಗಲಿಯ ಮೇಲೆ ಕೂರಿಸುತ್ತೇವೆ. ಬಂದವರು ಮುಖ ನೋಡಿ ಹೂವು ಹಾಕುತ್ತಾರೆ. ಅಪ್ಪ ಆರಡಿ ಆಳು. ಮರದ ಕುರ್ಚಿಯಲ್ಲಿ ಎಷ್ಟು ಕಟ್ಟಿದರೂ ಕತ್ತು ನಿಲ್ಲಲಿಲ್ಲ. ಒಳಗೆ ತಲೆಗೆ ಒರಗು ಇರುವ ಕುರ್ಚಿ ಇದೆಯಲ್ಲ, ಅದನ್ನು ತನ್ನಿ ಎಂದರು ದೊಡ್ಡಪ್ಪ. ಬೇಡ ಎನ್ನಬಹುದಿತ್ತು. ನಾನೇ ತಳ್ಳಿಕೊಂಡು ಬಂದೆ.

ಕೂರಿಸಿ ಟವೆಲಿನಿಂದ ಎದೆ ಕಟ್ಟಿದರು. ಯಾರೋ ಹಾರ ಹಾಕಿದ ರಭಸಕ್ಕೆ ಕುರ್ಚಿ ಮೆಲ್ಲಗೆ ತಿರುಗಿ ಅಪ್ಪ ಗೋಡೆಗೆ ಮುಖ ಮಾಡಿದರು. ಮತ್ತೆ ತಿರುಗಿಸಿ ಗಾಲಿಗೆ ಇಟ್ಟಿಗೆ ಕೊಟ್ಟರು. ಅಳುವವರ ನಡುವೆ ಒಬ್ಬಿಬ್ಬರಿಗೆ ನಗು ಬಂತು. ಸುಳ್ಳೇಕೆ, ನನಗೂ ಬಂತು.

ಆಗ ಪಂಚೆಯ ಅಂಚು ಗಾಲಿಗೆ ಸಿಕ್ಕಿದ್ದು ಕಂಡು ನಾನು ಬಗ್ಗಿದೆ. ಬಿಡಿಸುವಾಗ ನನ್ನ ಮುಂಗೈ ಸೀಟಿನ ಕೆಳಗಿನ ಹಿಡಿಗೆ ತಗುಲಿತು. ಕುರ್ಚಿಯನ್ನು ಏರಿಸಿ ಇಳಿಸುವ ಹಿಡಿ ಅದು. ಅಂಗಡಿಯಲ್ಲಿ ಒಮ್ಮೆ ಎತ್ತರ ಹೊಂದಿಸಿದ ಮೇಲೆ ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಉಸ್ಸೆಂದು ಉದ್ದಕ್ಕೆ ಸದ್ದಾಯಿತು. ಅಪ್ಪ ಒಂದು ಗೇಣು ಕೆಳಗಿಳಿದರು. ತಲೆ ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ವಾಲಿತು.

"ಉಸ್ರು ಬುಟ್ರು" ಎಂದಳು ಅಮ್ಮ. "ನೋಡ್ರಪ್ಪಾ, ಇನ್ನಾ ಉಸ್ರು ಅದೆ."

ದೊಡ್ಡಪ್ಪ ಮೂಗಿನ ಹತ್ತಿರ ಕೈ ಹಿಡಿದು ಇಲ್ಲವೆಂದು ತಲೆಯಾಡಿಸಿದರು. ಸಂಕಟಕ್ಕೆ ಹಾಗನ್ನಿಸಿದೆ ಎಂದು ಹೆಂಗಸರು ಅಮ್ಮನನ್ನು ಹಿಡಿದುಕೊಂಡರು. ನಿಜ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪನ ಹೆಣವನ್ನು ಕೆಳಗೆ ಜಾರಿಸಿದವಳು ಮಗಳೇ ಎಂದು ಅಷ್ಟು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ಆ ಗಳಿಗೆಯಿಂದ ಅಮ್ಮ ಅಳುವುದನ್ನು ನಿಲ್ಲಿಸಿದಳು. ಬದುಕಿರುವವರಿಗೆ ಯಾರಾದರೂ ಅಳುತ್ತಾರೆಯೇ?

ಅದೇ ಕುರ್ಚಿಯಲ್ಲಿ ಟ್ರ್ಯಾಕ್ಟರ್ ಮೇಲೆ ಹೊಲಕ್ಕೆ ಒಯ್ದು ಮಣ್ಣು ಮಾಡಿದರು. ಹೆಣ ಕೂತ ಕುರ್ಚಿ ಮನೆಗೆ ವಾಪಸ್ಸು ಬರಬಾರದೆಂದು ಬದುವಿನ ಮೇಲೆ ಬಿಟ್ಟು ಬಂದರು. ನಾನು ದಿನವೂ ಸ್ಕೂಟರಿನಲ್ಲಿ ಹೋಗುವ ದಾರಿ ಅದು. ಗಾಳಿ ಬಂದಾಗ ಕುರ್ಚಿ ತಿರುಗುತ್ತಿತ್ತು. ಕೆಲವು ದಿನ ಸಮಾಧಿಯ ಕಡೆ, ಕೆಲವು ದಿನ ರಸ್ತೆಯ ಕಡೆ. ರಸ್ತೆಯ ಕಡೆ ತಿರುಗಿದ್ದ ದಿನ ನನಗೆ ಆಫೀಸಿನಲ್ಲಿ ಅನ್ನ ಸೇರುತ್ತಿರಲಿಲ್ಲ. ಭೂತ ಪ್ರೇತ ನಂಬುವವಳಲ್ಲ ನಾನು. ಆದರೂ ಹೆದರಿದೆ.

ಮನೆಯಲ್ಲಿ ಅಮ್ಮನದು ಒಂದೇ ಮಾತು. ಮಣ್ಣಿನೊಳಗೆ ಎಷ್ಟು ಹೊತ್ತು ಉಸಿರು ಹಿಡಿದಿದ್ದರೋ, ಯಾರನ್ನು ಕೂಗಿದರೋ. ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳುವಳು, ತಲೆ ಬಾಚುತ್ತಾ ಕೇಳುವಳು. ಇವತ್ತು ಹೇಳಿಬಿಡೋಣ ಎಂದು ಬಾಯಿ ತೆರೆದರೆ, ನಿನ್ನೆಯೇ ಏಕೆ ಹೇಳಲಿಲ್ಲ ಎಂದಾಳು ಅನ್ನಿಸುತ್ತಿತ್ತು. ಹೀಗೆ ನಿನ್ನೆಗಳು ಸೇರಿ ಎರಡು ವರ್ಷವಾದವು.

ನಾನು ಮತ್ತೆ ಪ್ಲಾಸ್ಟಿಕ್ ಕುರ್ಚಿಗೇ ಬಂದಿದ್ದೆ. ಎದ್ದೇಳುವಾಗ ಗೋಡೆ ಹಿಡಿಯುವುದನ್ನು ಕಂಡು ಅಮ್ಮನೇ ಬೇರೆ ಕುರ್ಚಿ ತರೋಣ ಎಂದಳು. ಮಧುಗಿರಿಯ ಅಂಗಡಿ ಬೇಡ, ಶಿರಾಕ್ಕೆ ಹೋಗೋಣ, ಈ ಸಲ ತಾನೇ ನೋಡಿ ಆರಿಸುತ್ತೇನೆ ಎಂದು ಹೊರಟಳು.

ಶಿರಾದ ಅಂಗಡಿಯಲ್ಲಿ ಗಾಲಿ ಇಲ್ಲದ್ದನ್ನೇ ನೋಡೋಣ ಎಂದು ನಾನು ಅವಸರ ಮಾಡಿದೆ. ಅಷ್ಟರಲ್ಲಿ ಅಂಗಡಿಯ ಸಾಹೇಬರು, "ಬೈಠೋ ಅಮ್ಮಾ, ಆರಾಮ್ ಐತೆ" ಎಂದು ಅವಳನ್ನು ಒಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವರು ಬಗ್ಗಿ ಹಿಡಿ ಎತ್ತಿದರು.

ಉಸ್ಸೆಂದಿತು. ಅಮ್ಮ ಒಂದು ಗೇಣು ಕೆಳಗಿಳಿದಳು.

ಇನ್ನೊಂದು ಸಲ ಮಾಡಪ್ಪ ಎಂದಳು. ಅವರು ಅವಳನ್ನು ಎಬ್ಬಿಸಿ ಕುರ್ಚಿ ಏರಿಸಿ, ಮತ್ತೆ ಕೂರಿಸಿ ಇಳಿಸಿದರು. ಇನ್ನೂ ಒಂದು ಸಲ ಮಾಡಿಸಿದಳು, ಕಣ್ಣು ಮುಚ್ಚಿಕೊಂಡು. ಆಮೇಲೆ ನನ್ನ ಕಡೆ ನೋಡಿದಳು. ಅವತ್ತು ಕೆಳಗೆ ಬಗ್ಗಿದ್ದವಳು ನಾನೊಬ್ಬಳೇ ಎಂಬುದು ಅವಳಿಗೂ ನೆನಪಿತ್ತು.

"ನಿನ್ ಕೈಯಾ?"

"ಹ್ಞೂಂ ಕಣಮ್ಮ. ಗೊತ್ತಿಲ್ದೆ ತಗುಲ್ಬುಡ್ತು. ಅಪ್ಪ ಬೆಳಿಗ್ಗೇನೇ ಹೋಗಿದ್ರು."

ಬಯ್ಯಲಿ, ಹೊಡೆಯಲಿ ಎಂದು ಕಾದು ನಿಂತೆ.

"ಎರಡೊರ್ಸ ಅವ್ರುನ್ನ ಮಣ್ಣೊಳಗೆ ಉಸ್ರಾಡಿಸ್ಬುಟ್ಟಲ್ಲೇ ನೀನು" ಎಂದಳು.

ಆಮೇಲೆ ಅತ್ತಳು. ಸೆರಗು ಬಾಯಿಗೆ ಇಟ್ಟುಕೊಳ್ಳಲಿಲ್ಲ. ಸಾಹೇಬರು ನೀರು ತಂದು ದೂರದಲ್ಲೇ ನಿಂತರು. ಬೀದಿಯಲ್ಲಿ ಹೋಗುವವರು ಬಾಗಿಲಿಗೆ ಬಂದು, ಯಾರಮ್ಮ ಹೋಗಿದ್ದು ಎಂದು ನನ್ನನ್ನು ಕೇಳಿದರು. ನಮ್ಮಪ್ಪ ಎಂದೆ. ಯಾವಾಗ ಎಂದರು. ಎರಡು ವರ್ಷವಾಯಿತು ಎನ್ನಬೇಕೋ, ಈಗ ತಾನೇ ಎನ್ನಬೇಕೋ.